ಮಗ್ಗದ ಸಪ್ಪಳ ಸೋಸಿದ ಕಾಕಾ

ನಮ್ಮ ಮನ್ಯಾಗ ಗುಟ್ಟಿನ ಮಾತು ಆಡೂದಿದ್ರ ಮಗ್ಗ ನಡೀತಿರಬೇಕು. ಮಗ್ಗ ನಿಂತ ಹೊತ್ತಿನಾಗ ಎಲ್ಲಾರೂ ಮಳಿ, ಬೆಳಿ, ಯಾರದರ ಮದುವಿ ಅಂತ ಊರಾಗಿನ ಮಾತು ಆಡ್ತಿದ್ರು. ಅಪ್ಪ ಮಗ್ಗದ ಕುಣ್ಯಾಗ ಕಾಲ ಇಳಿಬಿಟ್ಟು ಕುಂತು ಲಾಳಿ ಎಳದಾ ಅಂದ್ರ ಸಾಕು, ಖಟ್ ಖಟಾಕ್ ಅಂತ ಸಪ್ಪಳ ಸುರು ಆಗ್ತಿತ್ತು, ಅವ್ವ ಕಂಡಿಕಿಗೆ ನೂಲು ಸುತ್ತೂದು ಬಿಟ್ಟು ಆಯಿ ಕಡೆ ಬಗ್ಗಿ ಖರೇ ಮಾತಿಗೆ ಕೈ ಹಾಕ್ತಿದ್ಲು. ಓಣ್ಯಾಗ ಹೋಗವರಿಗೆ ಕೇಳೂದಿಲ್ಲ, ಮಗ್ಗಲ ಮನಿಯವರಿಗೆ ಕೇಳೂದಿಲ್ಲ, ಅಡಗಿಮನ್ಯಾಗ ಪುಸ್ತಕ ಹಿಡಕೊಂಡು ಕುಂತ ಹುಡುಗಿಗಂತೂ, ಅಂದ್ರ ನನಗ, ಮೊದಲ ಕೇಳೂದಿಲ್ಲ. ಆ ಸಪ್ಪಳದ ಮ್ಯಾಲೆ ದನಿ ಏರಿಸಿ ಮಾತಾಡಿ ಮಾತಾಡಿ ನಮ್ಮ ಮಂದಿಗೆಲ್ಲ ಗಂಟಲ ದೊಡ್ಡದು. ಇಳಕಲ್ಲದ ನೇಕಾರ ಓಣ್ಯಾಗ ಹುಟ್ಟಿದವರು ಸತ್ತವರ ಮನ್ಯಾಗ ಕುಂತಾಗೂ ಒದರೇ ಮಾತಾಡೂದು, ಬೈಬ್ಯಾಡ್ರಿ, ಅದು ನಮಗ ಮೆಲ್ಲಗ ಮಾತಾಡಿದಂಗನ.

ಇದನ್ನ ಯಾಕ ಮೊದಲ ಹೇಳಾಕತ್ತೇನಿ ಅಂದ್ರ, ಹೋದ ತಿಂಗಳ ಹವ್ಯಾಸಿ ರೇಡಿಯೋ ಮಂದಿ ನಾಕ ಜನ ಹುನಗುಂದಕ್ಕ ನನ್ನ ಮನಿ ಹುಡುಕ್ಕೊಂಡು ಬಂದಿದ್ರು. ಕಾಕಾ ಹೋಗಿ ವರ್ಷ ತುಂಬಾಕ ಬಂತು, ಅವನ ನೆನಪಿಗೆ ಒಂದು ಪುಸ್ತಕ ತರ್ತಾರಂತ. ಎಲ್ಲೋ ಕುಂತು ಎಲ್ಲೋ ಇರೋ ರೇಡಿಯೋ ಸ್ಟೇಶನ್ನು ಇಂಟರ್ನೆಟ್ಟಿನ ಮ್ಯಾಲೆ ನಡಸಿದವರೊಳಗ ನಮ್ಮ ಕಡೆ ನಿಮ್ಮ ಕಾಕಾರ ಮೊದಲಿಗರು, ಪ್ರವರ್ತಕರು, ಅವರ ಸಾಧನೆ ಬಗ್ಗೆ ನಾಕ ಮಾತು ಬರೀರಿ ಅಂದ್ರು. ಪ್ರವರ್ತಕರು! ಲುಂಗಿ ಮೊಣಕಾಲ ತನಕ ಎತ್ತಿಕಟ್ಟಿ, ಬಾಯಾಗ ಸ್ಕ್ರೂ ಕಚ್ಚಿಕೊಂಡು, ಲೇ ಹುಡುಗಿ ಇಕ್ಕಳ ಕೊಡ ಅನ್ನೋ ಮನಿಶ್ಯಾಗ ಎಂಥಾ ದೊಡ್ಡ ಹೆಸರು ನೋಡ್ರಿ. ಹೂಂ ಅಂತ ಒಪ್ಪಿಕೊಂಡೆ, ಚಹಾ ಕೊಟ್ಟು ಕಳಿಸಿದೆ. ಆದ್ರ ಬರಿಯಾಕ ಕುಂತ್ರ ಸಾಧನೆ ಗೀಧನೆ ಏನೂ ಬರವಲ್ದು. ಹನ್ನೆರಡು ವರ್ಷದಾಕಿ ಇದ್ದಾಗಿನ ಒಂದ ಒಂದು ಮಧ್ಯಾಹ್ನ ಬಂದು ಹಾಳಿ ಮ್ಯಾಲೆ ಕುಂಡ್ರತೈತಿ.

ನಮ್ಮ ಮನಿ ದೊಡ್ಡದೇನಲ್ಲ. ಬಾಗಲಾ ದಾಟಿದ್ರ ಪಡಸಾಲಿ, ಅದರಾಗ ಎಡಕ್ಕ ಅಪ್ಪನ ಕುಣಿಮಗ್ಗ, ಬಲಕ್ಕ ಕಿಡಕಿ ಹತ್ತಿರ ಕಾಕಾನ ಟೇಬಲ್ಲು. ಒಳಗ ಅಡಗಿಮನಿ, ಅದರ ಮಗ್ಗಲ ಜ್ವಾಳದ ಚೀಲ ಇಡೋ ಕತ್ತಲ ಕೋಣಿ, ಹಿತ್ತಲದಾಗ ಬಣ್ಣದ ನೂಲು ಒಣಗಿಸೋ ಗಳ. ಆಯಿ ಅಂದ್ರ ಅಪ್ಪನ ಅವ್ವ, ಮನಿಗೆ ಯಜಮಾನಿ. ಕಾಕಾ ಅಪ್ಪನ ತಮ್ಮ. ಅಂವ ಮಗ್ಗಕ್ಕ ಕೂಡಲಿಲ್ಲ, ಟೆಲಿಫೋನ್ ಕಚೇರ್ಯಾಗ ಲೈನ್ ರಿಪೇರಿ ನೌಕರಿ ಹಿಡದಿದ್ದ. ನೌಕರಿ ಮುಗಿಸಿ ಬಂದ ಮ್ಯಾಲೆ ಅವನ ಖರೇ ಜಲ್ಮ ಸುರು ಆಗ್ತಿತ್ತು. ಸರಕಾರದ ಪರೀಕ್ಷಾ ಪಾಸಾಗಿ, ಲೈಸೆನ್ಸ್ ತಗೊಂಡು, ಸ್ವಂತ ಸೆಟ್ಟಿನಿಂದ ಗಾಳಿ ಮ್ಯಾಲೆ ದೇಶ ವಿದೇಶದವರ ಜೋಡಿ ಮಾತಾಡೋ ಹುಚ್ಚು ಅವಂದು. ಇಂಥಾವರಿಗೆ ಹ್ಯಾಮ್ ಅಂತಾರ. ಕೈ ಕಾಲ ಮಾರಿ ತೊಳಕೊಂಡು, ಲಿಂಗಪೂಜಿ ಮಾಡಿ, ಹಣಿಗೆ ವಿಭೂತಿ ಬಳಕೊಂಡ ಅಂವ ಸೆಟ್ಟಿನ ಮುಂದ ಕುಂಡ್ರತಿದ್ದ. ಆಯಿ ಜಗಲಿ ಮುಂದಿನಿಂದ ಒದರ್ತಿದ್ಲು:

"ಬಸವಣ್ಣನ ಮುಂದ ಐದು ನಿಮಿಷ, ಆ ಡಬ್ಬಿ ಮುಂದ ಐದು ತಾಸು! ಯಾವ ದೇವರಿಗೆ ವಿಭೂತಿ ಹಚಗೋತಿಯೋ ನೀ?"

"ಎರಡಕ್ಕೂ ಒಂದ ವಿಭೂತಿ ಸಾಕಾಗತೈತಿ ಬಿಡ ಯವ್ವಾ."

ರಾತ್ರಿ ಊಟಕ್ಕ ಎಲ್ಲಾರೂ ಒಂದ ಸಾಲಿಗೆ ಕುಂಡ್ರಬೇಕು. ಬಿಸಿ ರೊಟ್ಟಿ, ಪುಂಡಿಪಲ್ಯ, ಗುರೆಳ್ಳ ಹಿಂಡಿ, ಮ್ಯಾಲೊಂದಿಷ್ಟು ಮೊಸರು. ಅವ್ವ ರೊಟ್ಟಿ ಬಡೀತಾ ಬಡೀತಾ ಮೊದಲನೇ ರೊಟ್ಟಿ ನನಗ ಒಗೀತಿದ್ಲು, ಆಮ್ಯಾಲ ಅಪ್ಪಗ, ಆಮ್ಯಾಲ ಕಾಕಾಗ. ಕಾಕಾ ತನ್ನ ಪಲ್ಯಾದಾಗಿನ ಶೇಂಗಾ ಆರಿಸಿ ನನ್ನ ತಾಟಿಗೆ ಸರಸ್ತಿದ್ದ. ಅವ್ವ ಅದನ್ನ ನೋಡಿ ತುಟಿ ಬಿಗಿ ಹಿಡೀತಿದ್ಲು, ಹುಡುಗಿಗೆ ಪಿತ್ತ ಆಗತೈತಿ ಸಾಕ್ ಮಾಡ್ರಿ ಅಂತಿದ್ಲು. ಶೇಂಗಾಕ್ಕ ಯಾಕ ಇಷ್ಟು ಸಿಟ್ಟು ಅಂತ ನನಗ ತಿಳೀತಿರಲಿಲ್ಲ. ಇನ್ನೊಂದು ತಿಳೀತಿರಲಿಲ್ಲ. ಪ್ರತಿ ವರ್ಷ ನಾ ಹುಟ್ಟಿದ ದಿನ ಮನ್ಯಾಗ ಹೋಳಿಗಿ ಮಾಡ್ತಿದ್ರು, ಆದ್ರ ಆ ದಿನ ಕಾಕಾ ನಸುಕಿನ್ಯಾಗ ಎದ್ದು ಕೂಡಲಸಂಗಮಕ್ಕ ಹೊಂಟ ಬಿಡ್ತಿದ್ದ. ಹೊಳ್ಯಾಗ ಮುಳುಗಿ ಬಂದು, ಹೋಳಿಗಿ ಮುಟ್ಟದಾಂಗ, ಬರೇ ಮಜ್ಜಿಗಿ ಕುಡದು ಮಲಗ್ತಿದ್ದ. ನನ್ನ ಹೋಳಿಗಿ ಅಂದ್ರ ಕಾಕಾಗ ಹೊಟ್ಟಿಕಿಚ್ಚು ಅಂತ ನಾ ಮುನಿಸ್ಕೋತಿದ್ದೆ. ಎಷ್ಟು ಮಳ್ಳಿ ಇದ್ದೆ ನಾ!

ಕಾಕಾಗ ದೊಡ್ಡ ತ್ರಾಸು ಅಂದ್ರ ಕರೆಂಟಿನ ಮಗ್ಗಗಳದು. ನಮ್ಮ ಓಣ್ಯಾಗ ಒಂದೊಂದ ಮನಿಗೆ ಪವರ್ ಲೂಮ್ ಬಂದು, ಅವುಗಳ ಮೋಟಾರು ತಿರಗಾಕ ಹತ್ತಿದವು ಅಂದ್ರ ಕಾಕಾನ ರೇಡಿಯೋದಾಗ ಬರೇ ಗರ್ರ್ ಅಂತ ಸಪ್ಪಳ, ಮನಶ್ಯಾರ ದನಿ ಬರತಿರಲಿಲ್ಲ. ಒಂದು ವಾರ ಅಂವ ಅನ್ನ ನೀರು ಬಿಟ್ಟವರಂಗ ಕುಂತ. ಆಮ್ಯಾಲೆ ಒಂದ ದಿನ ಏನೋ ಹೊಳದವರಂಗ ಎದ್ದು, ಸೆಟ್ಟು ಕಟ್ಟಿಕೊಂಡು ಮರೋಳಕ್ಕ ಹೋದ. ಮರೋಳದಾಗ ಆಯಿಯ ತವರುಮನಿ ಹೊಲ, ಹೊಲದ ದಿಬ್ಬದ ಮ್ಯಾಲೊಂದು ಕಲ್ಲಿನ ಕೋಣಿ. ಈಗಿನಂಗ ಆವಾಗ ಅಲ್ಲಿ ಏತ ನೀರಾವರಿ ಬಂದಿರಲಿಲ್ಲ, ಮೋಟಾರಿಲ್ಲ ಮಗ್ಗಿಲ್ಲ, ಬರೇ ಗಾಳಿ. ಅಲ್ಲಿ ಕಂಬ ನಟ್ಟು, ಆಂಟೆನಾ ಏರಿಸಿ, ಕೋಣ್ಯಾಗ ರೇಡಿಯೋಕ್ಕ ಒಂದು ಹಳೇ ಕಂಪ್ಯೂಟರ್ ಜೋಡಿಸಿದ. ಇಳಕಲ್ಲದ ಪಡಸಾಲ್ಯಾಗ ಇನ್ನೊಂದು ಕಂಪ್ಯೂಟರ್. ನಡಕ ಫೋನಿನ ತಂತಿ ಮ್ಯಾಲೆ ಇಂಟರ್ನೆಟ್ಟು. ಅಂವ ಇಲ್ಲಿ ಮೈಕಿನಾಗ ಮಾತಾಡಿದ್ರ ಮರೋಳದ ರೇಡಿಯೋ ಅದನ್ನ ಗಾಳಿಗೆ ಬಿಡ್ತಿತ್ತು. ಗಾಳ್ಯಾಗಿಂದ ಯಾರರ ಉತ್ತರ ಕೊಟ್ರ ಅದು ನಮ್ಮ ಪಡಸಾಲಿ ಸ್ಪೀಕರಿನಾಗ ಕೇಳಸ್ತಿತ್ತು. ಕೈ ಇಲ್ಲಿ, ಬಾಯಿ ಅಲ್ಲಿ. ಆಗ ಇದನ್ನ ಹೇಳಿದ್ರ ರೇಡಿಯೋ ಮಂದೀನ ನಂಬತಿರಲಿಲ್ಲ, ನಮ್ಮ ಓಣಿಯವರು ಎಲ್ಲಿ ನಂಬ್ಯಾರು.

ಇನ್ನ ಉಳದದ್ದು ಅಪ್ಪನ ಮಗ್ಗ. ಕಾಕಾ ಮೈಕಿನಾಗ ಮಾತಾಡಿದ್ರ ದೂರದವರಿಗೆ ಖಟ್ ಖಟಾಕ್ ಅನ್ನೂದ ಹೆಚ್ಚು ಕೇಳಸ್ತಿತ್ತು. ಅಣ್ಣಾ ಒಂದೀಟು ನಿಲ್ಲಸೋ ಅಂದ್ರ ಅಪ್ಪ ಮಗ್ಗದಿಂದ ಸೀರಿ ಇಳಿಯೋ ತನಕ ಬಾಯಿ ಮುಚಗೊಂಡಿರಲೇ ಅಂತಿದ್ದ. ಮೂರು ತಿಂಗಳ ಕಾಕಾ ಏನೇನೋ ಬೆಸದು, ಒಂದು ಸಣ್ಣ ತಗಡಿನ ಡಬ್ಬಿ ಮಾಡಿದ. ಹಿಟ್ಟು ಸಾಣಿಸಿದಂಗ ಅದು ಮಗ್ಗದ ಸಪ್ಪಳ ತಗದಿಟ್ಟು ಮನಶ್ಯಾರ ದನಿ ಅಷ್ಟ ಮುಂದ ಬಿಡ್ತಿತ್ತು. ಅದಕ್ಕ ಇನ್ನೊಂದು ಗುಂಡಿ ಇತ್ತು. ಅದನ್ನ ಒತ್ತಿಟ್ರ ಕೈ ಹಚ್ಚೂದ ಬ್ಯಾಡ, ಮಾತಿನ ದನಿ ಕೇಳಿದ ಕೂಡಲೇ ಮರೋಳದ ರೇಡಿಯೋ ತಾನ ಚಾಲೂ ಆಗ್ತಿತ್ತು, ಸುಮ್ಮನಾದ್ರ ಬಂದ್ ಆಗ್ತಿತ್ತು. ಅವತ್ತು ಕಾಕಾ ಕುಣದಾಡಿಬಿಟ್ಟ. ಇನ್ನ ಮಗ್ಗ ನಡೀಲಿ ನಾನೂ ಮಾತಾಡ್ತೇನಿ ಅಂದ. ನಾವು ಎಲ್ಲಾರೂ ಚಪ್ಪಾಳಿ ತಟ್ಟಿದ್ವಿ. ಆ ಡಬ್ಬಿ ನಮ್ಮ ಮನಿ ಮಂದಿ ಹೊದ್ದುಕೊಂಡಿದ್ದ ಸಪ್ಪಳ ಕಿತ್ತುಕೊಂಡೀತು ಅನ್ನೋದು ಆಯಿಗೆ ಹೊಳೀಲಿಲ್ಲ, ಅವ್ವಗ ಹೊಳೀಲಿಲ್ಲ, ಅದನ್ನ ಮಾಡಿದ ಶಾಣ್ಯಾಗೂ ಹೊಳೀಲಿಲ್ಲ.

ನನಗೂ ಒಂದ ಸಲ ಮಾತಾಡಾಕ ಕೊಡು ಅಂತ ನಾ ದಿನಾ ಕಾಡ್ತಿದ್ದೆ. ಕಾಕಾ ಎಲ್ಲಾದ್ರಾಗೂ ಮೆತ್ತಗ, ಇದರಾಗ ಮಾತ್ರ ಕಲ್ಲು.

"ಲೈಸೆನ್ಸ್ ಇಲ್ಲದವರು ಗುಂಡಿ ಮುಟ್ಟಬಾರದು ಹುಡುಗಿ. ಪರೀಕ್ಷಾ ಪಾಸಾಗು, ಆಮ್ಯಾಲ ನಾನ ಕೈಯಾಗ ಕೊಡ್ತೇನಿ."

"ಒಂದ ಮಾತು ಕಾಕಾ. ಹಲೋ ಅಂತೇನಿ ಅಷ್ಟ."

"ಅರ್ಧ ಹಲೋನೂ ಇಲ್ಲ."

ಅಂವ ನನ್ನ ಹೆಸರ ಹಿಡದು ಎಂದೂ ಕೂಗಲಿಲ್ಲ. ಅವ್ವಗ ಶಾಂತಾ, ಅಪ್ಪಗ ಶಾಂತಿ, ಆಯಿಗೆ ಶಾಂತವ್ವ, ಕಾಕಾಗ ಬರೇ ಹುಡುಗಿ.

ಆ ದಿನ ಸಾಲಿ ಸೂಟಿ ಇತ್ತು. ಹಿಂದಿನ ದಿನ ಜೋರು ಗಾಳಿ ಬೀಸಿ ಮರೋಳದ ಕಂಬ ವಾಲೇತಿ ಅಂತ ಸುದ್ದಿ ಬಂದಿತ್ತು. ಕಾಕಾ ತನ್ನ ಲೂನಾ ಗಾಡಿ ಮ್ಯಾಲೆ ನನ್ನ ಹಿಂದ ಕುಂಡ್ರಿಸಿಕೊಂಡು ಹೊಂಟ. ಹೊಲದಾಗಿಂದ ಪರೀಕ್ಷಾ ಮಾಡಿ ನೋಡಬೇಕು ಅಂತ ಮನಿ ಕಂಪ್ಯೂಟರ್ ಚಾಲೂ ಬಿಟ್ಟು, ಯಾರೂ ಫೋನ್ ಎತ್ತಬ್ಯಾಡ್ರಿ, ಆ ಪೆಟಗಿ ಆರಸಬ್ಯಾಡ್ರಿ ಅಂತ ಹೇಳಿದ್ದ. ಆಯಿ ಧೂಳು ಕುಂಡ್ರತೈತಿ ಅಂತ ಅದರ ಮ್ಯಾಲೊಂದು ಒಗದ ಪಂಜಿ ಹೊಚ್ಚಿದ್ಲು. ಪಂಜಿ ಹೊಚ್ಚಿದ ಮ್ಯಾಲೆ ಅದಕ್ಕ ಕಿವಿ ಇರತೈತಿ ಅಂತ ಯಾರಿಗೆ ಗೊತ್ತು? ಆ ತಾನ ಚಾಲೂ ಆಗೋ ಗುಂಡಿ ಆರಿಸೂದು ಕಾಕಾ ಮರತಿದ್ದ. ಜಲ್ಮದಾಗ ಅವಂದು ಇದೊಂದ ಮರವು.

ಕಾಕಾ ಕಂಬದ ಅರ್ಧಕ್ಕ ಏರಿ ಹಗ್ಗ ಬಿಗಿಯಾಕತ್ತಿದ್ದ. ನಾ ಬುಡಕ್ಕ ನಿಂತು ಕೈಸೆಟ್ಟು, ಅಂದ್ರ ಕೋಣಿ ರೇಡಿಯೋ ಗಾಳಿಗೆ ಬಿಟ್ಟ ಮಾತು ಕೇಳಸೋ ಸಣ್ಣ ರೇಡಿಯೋ, ಹಿಡಕೊಂಡಿದ್ದೆ. ಮುಟ್ಟಬ್ಯಾಡ, ಹಿಡಕೊಂಡು ನಿಂದ್ರು ಅಂತ ಆಜ್ಞಾ ಆಗಿತ್ತು. ಅದರಾಗ ಒಮ್ಮಿಂದೊಮ್ಮೆಲೆ ಒಬ್ಬ ಹೆಣಮಗಳ ದನಿ ಬಂತು. ಯಾರೋ ಅಳಕೋತ ಮಾತಾಡಾಕತ್ತಾರ. ಅದು ಅವ್ವನ ದನಿ ಅಂತ ನನಗ ಪಟ್ಟನ ಗುರತ ಹತ್ತಲಿಲ್ಲ. ಯಾಕಂದ್ರ ಅಲ್ಲಿ ನಡದಿದ್ದ ಮಗ್ಗದ ಸಪ್ಪಳ ಡಬ್ಬಿ ಸೋಸಿತ್ತು, ಆ ಸಪ್ಪಳ ಇಲ್ಲದ ಅವ್ವನ ಸಿಟ್ಟಿನ ದನಿ ನಾ ಅಲ್ಲಿ ತನಕ ಕೇಳೇ ಇರಲಿಲ್ಲ.

"ಮೈದುನಗ ಬದಾಮಿಗೆ ವರ್ಗ ಆಗೇತಿ, ಹೋಗಲಿ. ನಾ ಬ್ಯಾಡ ಅಂದೇನೇನು? ಆದ್ರ ಹುಡುಗಿನ್ನ ಕರಕೊಂಡು ಹೋಗ್ತೇನಿ ಅಂದ್ರ ಹೆಂಗ್ರಿ ಅತ್ತಿ? ಹೆಂಗ?"

ಅದಕ್ಕ ಆಯಿ ದನಿ, ಗಟ್ಟಿ, ಸ್ವಚ್ಛ:

"ಕೇಳ್ಯಾನ, ಕದ್ದೊಯ್ದಿಲ್ಲ. ಅವನ ಕೂಸು ಅಂವ ಕೇಳ್ಯಾನ. ಹಡದಾಕಿ ಹಡದ ಕಣ್ಣ ಮುಚ್ಚಿದ್ಲು, ಅಂವ ಎದಿಗೆ ಕಲ್ಲ ಕಟಗೊಂಡು ನಿನ್ನ ಉಡ್ಯಾಗ ಹಾಕಿದ. ಹನ್ನೆರಡು ವರ್ಷ ಕಾಕಾ ಅನಿಸಿಕೊಂಡು ಮನ್ಯಾಗ ತಿರಗ್ಯಾನ. ಅವಗೂ ಜೀವ ಅಂತ ಐತಿಲ್ಲೊ?"

ಇದು ಯಾರ ಮಾತು, ಯಾವ ಕೂಸು ಅಂತ ನನ್ನ ತಲಿ ಇನ್ನೂ ಹುಡುಕಾಕತ್ತಿತ್ತು. ಮ್ಯಾಲಿಂದ ಕಾಕಾ ಒದರಿದ, ಅಂಥಾ ದನಿ ನಾ ಮುಂದ ಎಂದೂ ಕೇಳಲಿಲ್ಲ:

"ಆರಸ ಅದನ್ನ! ಒಳಗ ಹೋಗಿ ರೇಡಿಯೋದ ವೈರ್ ಕೀಳ! ಲೇ ಹುಡುಗಿ, ಕೀಳ ಅಂದೆ!"

ಕೋಣಿ ಹತ್ತು ಹೆಜ್ಜಿ ಇತ್ತು. ನಾ ಹೋಗಲಿಲ್ಲ. ಸೆಟ್ಟು ಕಿವಿಗೆ ಒತ್ತಿ ಹಿಡಕೊಂಡೆ.

"ಉಡ್ಯಾಗ ಹಾಕಿದ ಮ್ಯಾಲೆ ಅದು ನನ್ನ ಕೂಸು," ಅವ್ವ ಒದರ್ತಿದ್ಲು. "ನನಗ ಬಸರ ನಿಲ್ಲಲಿಲ್ಲ, ದೇವರು ಇಕಿನ್ನ ಕೊಟ್ಟ ಅಂತ ತಿಳದೆ. ದಡಾರ ಬಂದಾಗ ಎದಿ ಮ್ಯಾಲೆ ಮಲಗಿಸಿಕೊಂಡಾಕಿ ನಾ. ಈಗ ನಾ ಅವ್ವ ಅಲ್ಲ ಅಂತ ಗೊತ್ತಾದ್ರ ಅಕಿ ನನ್ನ ಮಾರಿ ನೋಡ್ತಾಳೇನ್ರಿ? ಹೇಳ್ರಿ, ನೋಡ್ತಾಳೇನು?"

ನಡಕ ಅಪ್ಪನ ದನಿ ಬಂತು. ಅಪ್ಪ ಅಂದ್ರ ದಿನಕ್ಕ ಹತ್ತು ಮಾತು ಆಡೋ ಮನಿಶ್ಯಾ.

"ಇಬ್ಬರೂ ಸುಮ್ಮನ ಕುಂಡ್ರಿ. ಹುಡುಗಿನ್ನ ಕೇಳಲಾರದ ನೀವ್ಯಾಕ ಹಂಚಗೋತೀರಿ?"

ಕಾಕಾ ಹಗ್ಗ ಹಿಡದು ಜರ್ ಅಂತ ಜಾರಿ ಇಳದ. ಎರಡೂ ಅಂಗೈ ಕಿತ್ತು ರಕ್ತ ಬಂದಿತ್ತು. ಓಡಿ ಕೋಣಿ ಕಡೆ ಹೊಂಟಾಂವನ ಮುಂದ ನಾ ಹೋಗಿ ಹೊಸ್ತಲಾ ಮ್ಯಾಲೆ ನಿಂತೆ. ಅಂವ ನನ್ನ ಸರಸಬಹುದಿತ್ತು, ಹನ್ನೆರಡು ವರ್ಷದ ಕಡ್ಡಿ ನಾ. ಸರಸಲಿಲ್ಲ. ನನ್ನ ಮಾರಿ ನೋಡಿದ, ನೆಲಾ ನೋಡಿದ. ನನ್ನ ಕೈಯಾಗ ಅವ್ವ ಇನ್ನೂ ಅಳಾಕತ್ತಿದ್ಲು. ನನಗ ಆವಾಗ ಬಂದದ್ದು ದುಃಖ ಅಲ್ರಿ, ಸಿಟ್ಟು. ಎಂಥಾ ಸಿಟ್ಟು ಅಂದ್ರ ಎಲ್ಲಾರನ್ನೂ ಹಿಡದು ಬಡೀಬೇಕು ಅನ್ನೋ ಸಿಟ್ಟು. ನನ್ನ ಬಿಟ್ಟು ಎಲ್ಲಾರಿಗೂ ನಾ ಯಾರು ಅಂತ ಗೊತ್ತಿತ್ತು!

"ಖರೇನ?" ಅಂದೆ.

"ಖರೆ," ಅಂದ ಕಾಕಾ.

"ಬದಾಮಿಗೆ ಕರಕೊಂಡು ಹೋಗಾಂವ ಇದ್ದಿ?"

"ಕೇಳಿದ್ದೆ. ಕೇಳಿದ್ದೆ ಅಷ್ಟ." ಅಂವ ಅಂಗೈ ಅಂಗಿಗೆ ಒರಸಿಕೊಂಡ. "ನಿನಗ ಹಿಂಗ ತಿಳೀಬಾರದಿತ್ತವಾ. ಇಡೀ ಜಗತ್ತಿಗೆ ನಾನ ಸಾರಿದಂಗಾತು."

ಸೆಟ್ಟಿನಾಗ ಅವ್ವ ಮತ್ತ ಅದನ್ನ ಕೇಳಿದ್ಲು, ಅಕಿ ನನ್ನ ಮಾರಿ ನೋಡ್ತಾಳೇನು. ಆಮ್ಯಾಲ ಸುಮ್ಮನಾದ್ಲು. ಅಲ್ಲಿ ಮಾತು ನಿಂತಾಗ ಅಷ್ಟ ಇಲ್ಲಿಂದ ದನಿ ಹೋಗತೈತಿ ಅನ್ನೋದು ನನಗೂ ಗೊತ್ತಿತ್ತು. ನಾ ಕಾಕಾನ ಮಾರಿ ನೋಡಿದೆ. ಅಂವ ನನ್ನ ನೋಡಿದ. ಅರ್ಧ ಹಲೋಕ್ಕೂ ಒಪ್ಪದ ಮನಿಶ್ಯಾ, ರಕ್ತದ ಕೈಯಿಂದ ನನ್ನ ಬೆರಳು ಹಿಡದು ಕೈಸೆಟ್ಟಿನ ಗುಂಡಿ ಮ್ಯಾಲಿಟ್ಟ.

"ಒತ್ತಿ ಹಿಡಿ. ಮಾತಾಡು. ನಿನಗ ಏನ ಅನ್ನಿಸತೈತಿ ಅದನ್ನ ಹೇಳು, ನನ್ನ ಸಲುವಾಗಿ ಹೇಳಬ್ಯಾಡ."

ನಾ ಒತ್ತಿದೆ.

"ಅವ್ವಾ, ನಾ ಶಾಂತಾ. ನನಗ ಎಲ್ಲಾ ಕೇಳಿಸೇತಿ. ಸಂಜೀಕ ಮನಿಗೆ ಬರ್ತೇನಿ. ನನ್ನ ರೊಟ್ಟಿ ನೀನ ಬಡಿ."

ಗುಂಡಿ ಬಿಟ್ಟೆ. ಆ ಕಡೆಯಿಂದ ಆಯಿ ಚೀರಿದ್ದು ಕೇಳಿಸ್ತು, ಶಿವ ಶಿವಾ ಪೆಟಗಿ ಮಾತಾಡ್ತು ಅಂತ. ಏನೋ ಬಿದ್ದದ್ದು ಕೇಳಿಸ್ತು. ಆಮ್ಯಾಲ ಅವ್ವನ ದನಿ, ಅಗದೀ ಹತ್ತರ, ಮೈಕಿಗೆ ಬಾಯಿ ಹಚ್ಚಿದಂಗ, ಶಾಂತಾ, ಶಾಂತಾ, ಶಾಂತಾ ಅಂತ ಮೂರು ಸಲ. ಪಂಜಿ ಕಿತ್ತು ಪೆಟಗಿನ್ನ ಅಪ್ಪಿಕೊಂಡ ಕುಂತಿದ್ಲಂತ, ಅಪ್ಪ ಎಷ್ಟೋ ವರ್ಷ ಆದ ಮ್ಯಾಲೆ ಹೇಳಿದ. ಕಾಕಾ ಆವಾಗ ಒಳಗ ಹೋಗಿ ರೇಡಿಯೋ ಆರಿಸಿದ. ಹೊರಗ ಬಂದು ಕಲ್ಲ ಮ್ಯಾಲೆ ಕುಂತು, ಗಾಳಿ ಮ್ಯಾಲಿನ ಮಾತಿನ ಲೆಕ್ಕ ಇಡೋ ಬುಕ್ಕ ತಗದು, ಆ ಕಿತ್ತ ಕೈಯಿಂದನ ಏನೋ ಬರಕೊಂಡ. ಲೈಸೆನ್ಸ್ ಇಲ್ಲದವರ ಕೈಯಾಗ ಸೆಟ್ಟು ಕೊಟ್ಟೇನಿ, ತಪ್ಪು ನಂದು ಅಂತ. ಆ ಮಾತನ್ನ ಅಂವ ಆಮ್ಯಾಲ ಲೈಸೆನ್ಸ್ ಕೊಡೋ ಇಲಾಖೆಗೂ ಬರದು ಕಳಿಸಿದ, ಒಂದು ತಿಂಗಳ ತನಗ ತಾನ ಶಿಕ್ಷಾ ಹಾಕ್ಕೊಂಡು ಸ್ಟೇಶನ್ ಬಂದ್ ಇಟ್ಟ. ಇಲಾಖೆಯಿಂದ ಉತ್ತರಾನ ಬರಲಿಲ್ಲ.

ಹೊಳ್ಳಿ ಬರಬೇಕಾದ್ರ ಹುನಗುಂದ ಬಸ್ ಸ್ಟ್ಯಾಂಡಿನ ಎದುರು ಚಹಾ ಕುಡಿಯಾಕ ನಿಂತ್ವಿ. ಅಂವ ಅಂಗೈಗೆ ಕರವಸ್ತ್ರ ಸುತ್ತಿಕೊಂಡಿದ್ದ. ಚಹಾದ ಬಿಸಿ ಬಸಿ ಹಿಡದ್ರ ಅಂಗೈ ಉರೀತಿತ್ತು, ನಾನ ಊದಿ ಕುಡಿಸಿದೆ.

"ಹಡದಾಕಿ ಹೆಸರೇನಿತ್ತು?" ಅಂತ ಕೇಳಿದೆ.

ಅಂವ ಕರವಸ್ತ್ರದ ಗಂಟು ಹಲ್ಲಿನಿಂದ ಬಿಗದ.

"ನಿಂದು ಅಕಿ ಹೆಸರ. ನಮ್ಮವ್ವ ಇಟ್ಲು. ಹೇಣ್ತಿ ಹೆಸರು ಹಿಡದು ನಾ ಹೆಂಗ ಕೂಗಲಿ ಹೇಳು? ಅದಕ್ಕ ಹುಡುಗಿ ಅಂದೆ."

ಅಲ್ಲೇ, ಆ ಚಹಾದಂಗಡಿ ಮುಂದ, ನಾ ಮೊದಲನೇ ಸಲ ಅತ್ತೆ. ಹೋಳಿಗಿ ನೆನಪಾತು. ಅವನ ಹೇಣ್ತಿ ಸತ್ತ ದಿನ ನಾವು ಎಲ್ಲಾರೂ ಕುಂತು ತುಪ್ಪ ಹಾಕ್ಕೊಂಡು ಹೋಳಿಗಿ ತಿಂದೀವಿ, ನನ್ನ ಸಲುವಾಗಿ. ಹೋಳಿಗಿ ಮಾಡ್ರಿ ಅಂತ ಬೆಲ್ಲ ತಂದು ಕೊಡ್ತಿದ್ದಾಂವನೂ ಅಂವನ. ಓಣ್ಯಾಗ ಎಲ್ಲಾರಿಗೂ ಗೊತ್ತಿತ್ತಂತ. ಬಳಿಗಾರ್ತಿಗೆ ಗೊತ್ತು, ಸಾಲಿ ಮಾಸ್ತರಿಗೆ ಗೊತ್ತು, ನೀರಿಗೆ ಬರೋ ಹೆಂಗಸರಿಗೆಲ್ಲ ಗೊತ್ತು. ಇಡೀ ಓಣಿ ಸೇರಿ ಒಬ್ಬ ಹುಡುಗಿಯಿಂದ ಒಂದು ಮಾತು ಬಚ್ಚಿಟ್ಟಿತ್ತು. ನಂಬಾಕ ಆಗೂದಿಲ್ಲ ನನಗ, ಈಗೂ ಆಗೂದಿಲ್ಲ.

ಮನಿಗೆ ಬಂದಾಗ ಹೊತ್ತು ಮುಳಗಿರಲಿಲ್ಲ. ಅಪ್ಪ ಮಗ್ಗದಾಗ ಇರಲಿಲ್ಲ, ಕಟ್ಟಿ ಮ್ಯಾಲೆ ಕುಂತಿದ್ದ. ತಮ್ಮನ ಕೈ ನೋಡಿ ಅರಿಷಿಣ ತರಾಕ ಎದ್ದು ಒಳಗ ಹೋದ. ಆಯಿ ಜಗಲಿ ಮುಂದ ಕಣ್ಣ ಮುಚಗೊಂಡಿದ್ಲು. ಅವ್ವ ಒಲಿ ಮುಂದ. ನಾ ಹೋಗಿ ತಾಟು ಹಾಕ್ಕೊಂಡು ಕುಂತೆ. ಅಕಿ ರೊಟ್ಟಿ ಬಡದು, ಬೇಸಿ, ಒಗಿಯಾಕ ಕೈ ಎತ್ತಿದಾಕಿ ಒಗೀಲಿಲ್ಲ, ಎದ್ದು ಬಂದು ತಾಟಿನಾಗಿಟ್ಲು. ನಾ ಅಕಿ ಮಾರಿ ನೋಡಿದೆ. ಬೇಕಂತ, ಕಣ್ಣಾಗ ಕಣ್ಣಿಟ್ಟು ನೋಡಿದೆ. ಅಕಿ ಸೆರಗು ಬಾಯಿಗೆ ಒತ್ತಿಕೊಂಡು ಹೊಳ್ಳಿ ಒಲಿ ಮುಂದ ಹೋದ್ಲು. ಆ ದಿನ ನಾ ನಾಕ ರೊಟ್ಟಿ ತಿಂದೆ, ಹಸಿವಿರಲಿಲ್ಲ.

ಕಾಕಾ ಒಬ್ಬನ ಬದಾಮಿಗೆ ಹೋದ. ಹೋಗೋ ಮುಂದ ಅವ್ವನ ಕಾಲಿಗೆ ಬಿದ್ದು, ವಹಿನಿ ಮತ್ತ ಕೇಳೂದಿಲ್ಲ ಅಂದ. ಅವ್ವ ಅವನ ಚೀಲದಾಗ ಹುರದ ಶೇಂಗಾ ತುಂಬಿದ್ಲು. ಪುಸ್ತಕದವರು ಕೇಳೋ ಸಾಧನೆ ಎಲ್ಲಾ ಆದದ್ದು ಆಮ್ಯಾಲೆ. ಬದಾಮಿ ಕೋಣ್ಯಾಗ ಕುಂತು ಮರೋಳದ ಕಂಬ ತಿರಗಿಸೂದು, ಬ್ಯಾರೆ ಊರಿನ ಹ್ಯಾಮುಗಳಿಗೂ ಆ ಸ್ಟೇಶನ್ ತೆರದು ಕೊಡೂದು, ಆಂಟೆನಾ ಕಟ್ಟಾಕ ಜಾಗಾ ಇಲ್ಲದವರಿಗೆ ತನ್ನ ಕಂಬಾನ ನಿಮ್ಮ ಕಂಬ ಅಂತ ಹೇಳೂದು, ಮುದುಕರಿಗೆ ಫೋನಿನಾಗ ತಾಸುಗಟ್ಟಲೆ ಕಲಸೂದು. ಇದನ್ನೆಲ್ಲ ಅವರು ಚಲೋ ಬರೀತಾರ, ಬರೀಲಿ. ನ್ಯಾಯವಾಗಿ ಅವಗ ಸಲ್ಲಬೇಕು. ನನಗ ಗೊತ್ತಿರೋದು ಇಷ್ಟ, ದಿನಾ ಸಂಜೀಕ ಆರು ಹೊಡದ ಮ್ಯಾಲೆ ನಮ್ಮ ಪಡಸಾಲಿ ಪೆಟಗ್ಯಾಗ, ರೇಡಿಯೋ ಗೀಡಿಯೋ ಇಲ್ಲದ ಬರೇ ಇಂಟರ್ನೆಟ್ಟಿನ ಮ್ಯಾಲೆ ಅವನ ದನಿ ಬರ್ತಿತ್ತು. ಗಣಿತ ಆತೇನು, ಏನ ಪಲ್ಯ, ಅಣ್ಣನ ಕೆಮ್ಮ ಕಡಿಮಿ ಆತೇನು. ಅವ್ವ ಒಳಗಿಂದ ಒದರಿ ಉತ್ತರ ಕೊಡ್ತಿದ್ಲು. ನಾ ಮುಂದ ಪರೀಕ್ಷಾ ಬರದು ಲೈಸೆನ್ಸ್ ತಗೊಂಡೆ, ಹುನಗುಂದದ ಹೈಸ್ಕೂಲಿನಾಗ ವಿಜ್ಞಾನ ಹೇಳಾಕತ್ತೆ. ಗಾಳಿ ಮ್ಯಾಲೆ ಆ ದಿನ ನಮ್ಮ ಜಗಳ ಕೇಳಿದ ಹ್ಯಾಮುಗಳು ಒಬ್ಬೊಬ್ಬರ ಭೆಟ್ಟಿ ಆದ್ರು. ಆ ಮಧ್ಯಾಹ್ನ ಕೇಳಿದ್ರೇನ್ರಿ ಅಂದ್ರ ಎಲ್ಲಾರದೂ ಒಂದ ಉತ್ತರ, ಅವತ್ತು ಸಿಗ್ನಲ್ ಭಾಳ ಖರಾಬಿತ್ತರಿ, ಏನೂ ತಿಳೀಲಿಲ್ಲ. ಸುಳ್ಳರು! ಅವರ ಹೊಟ್ಟಿ ತಣ್ಣಗಿರಲಿ.

ಆದ್ರ ಒಂದು ಉಳದಿತ್ತು. ನಾ ಕಾಕಾನ್ನ ಎಂದೂ ಅಪ್ಪ ಅನ್ನಲಿಲ್ಲ. ಅಪ್ಪ ಇರೋ ತನಕ ಬಾಯಿ ಬರಲಿಲ್ಲ. ಅಪ್ಪ ಹೋಗಿ ಆರು ವರ್ಷ ಆದ್ರೂ ಬರಲಿಲ್ಲ. ಅವ್ವನೂ ಒಂದ ಸಲ, ಅನ್ನು ತಂಗಿ, ನನಗೇನ ಬ್ಯಾಸರ ಇಲ್ಲ ಅಂದಿದ್ಲು. ಹೋದ ವರ್ಷ ಬಾಗಲಕೋಟಿ ದವಾಖಾನ್ಯಾಗ ಕಾಕಾ ಮಲಗಿದಾಗ ಡಾಕ್ಟರು ನನ್ನ ಹೊರಗ ಕರದು, ಇನ್ನ ಭಾಳ ದಿನ ಇಲ್ಲರಿ, ನೀವು ಪೇಶಂಟಿಗೆ ಏನಾಗಬೇಕು ಅಂತ ಕೇಳಿದ್ರು. ಮಗಳು ಅಂದೆ. ಅಂದು ನಾನ ಹೌಹಾರಿದೆ, ಅಷ್ಟು ಸರಳ ಬಂತು ಮಾತು. ಅದ ಧೈರ್ಯದಾಗ ಒಳಗ ಹೋಗಿ, ಮಂಚದ ಮಗ್ಗಲ ಕುಂತು, ಅವನ ಕೈ ಹಿಡದು, ಮೆಲ್ಲಗ ಕೂಗಿದೆ:

"ಅಪ್ಪಾ."

ಅಂವ ಕಣ್ಣ ತಗದ. ನನ್ನ ಕಡೆ ನೋಡಲಿಲ್ಲ. ಗಡಬಡಿಸಿ ಕುತಗಿ ಎತ್ತಿ, ಬಾಗಲಾ ಕಡೆ ನೋಡಿದ. ಭಾಳ ಹೊತ್ತು ಅಲ್ಲೇ ನೋಡಿದ.

"ಯಾರನ್ನ ನೋಡಾಕತ್ತಿ?"

"ನೀ ಅಪ್ಪಾ ಅಂದಿ. ನಮ್ಮಣ್ಣ ಬಂದಾ ಅಂತ ನೋಡಿದೆ." ಉಸರ ತಗೊಂಡ. "ಹನ್ನೆರಡು ವರ್ಷ ಅಲ್ಲ, ಜಲ್ಮ ಪೂರ್ತಿ ನೀ ಆ ಮಾತು ಅಂದಾಗೆಲ್ಲ ನಾ ಅವನ್ನ ನೋಡೇನಿ. ಈಗ ರೂಢಿ ಬಿಡೂದಿಲ್ಲವಾ. ನೀ ಕಾಕಾ ಅನ್ನು. ಅದಕ್ಕಾದ್ರ ನಾ ನಿನ್ನ ಕಡೆ ಹೊಳ್ಳತೇನಿ."

ಅವನ ಕೈ ಬಿಡದ ಅಂದೆ.

"ಕಾಕಾ."

ಅಂವ ನನ್ನ ಕಡೆ ಹೊಳ್ಳಿದ.